ಒಂದು ದಿನದ ಮರ್ಯಾದೆ

ಕಸೂತಿ ಯಂತ್ರದ ಬೆಲೆ ಒಂದು ಲಕ್ಷ ಎಂಬತ್ತೆರಡು ಸಾವಿರ ರೂಪಾಯಿ. ನನ್ನ ಕ್ರೆಡಿಟ್ ಕಾರ್ಡಿನ ಮಿತಿ ಎಪ್ಪತ್ತೈದು ಸಾವಿರ. ಇವೆರಡನ್ನೂ ಒಂದು ಚೀಟಿಯಲ್ಲಿ ಬರೆದು ಉಪ್ಪಿನ ಡಬ್ಬಿಗೆ ಆನಿಸಿ ಇಟ್ಟಿದ್ದೆ. ಎರಡು ವಾರ ರೊಟ್ಟಿ ಬಡಿಯುತ್ತ ಅದನ್ನೇ ನೋಡಿದೆ. ಹೆದರಿಕೆಯೇನೂ ಆಗಲಿಲ್ಲ. ಬ್ಲೌಸಿಗೆ ಬಟ್ಟೆ ಕಡಿಮೆ ಬಿದ್ದಾಗ ಹೊಲಿಯುವ ನಾವು ಹೀಗೇ ನೋಡುತ್ತೇವೆ. ತೋಳನ್ನು ಎಲ್ಲಿಂದ ತೆಗೆಯಬಹುದು, ಎಲ್ಲಿ ಜೋಡು ಕೊಟ್ಟರೆ ಕಣ್ಣಿಗೆ ಬೀಳುವುದಿಲ್ಲ ಎಂದು.

ಇದು ಎರಡು ಸಾವಿರದ ನಾಲ್ಕನೆಯ ಇಸವಿಯ ಮಾತು. ಪುಣೆಯ ಬಿಬವೇವಾಡಿಯ ನಮ್ಮ ಮನೆಯ ಮುಂದಿನ ಖೋಲಿಯಲ್ಲಿ ನಾನು ಹೊಲಿಗೆಯ ಕ್ಲಾಸು ನಡೆಸಲು ಶುರು ಮಾಡಿ ಹದಿನೆಂಟು ವರ್ಷ ಆಗಿತ್ತು. ಶುರು ಮಾಡಿದ ದಿನ ನಮ್ಮ ಅತ್ತೆ ಭೀಮವ್ವ, "ಬೋರ್ಡ್ ಹಚ್ಚತಿದ್ರ ಹಚ್ಚು. ಆದ್ರ ಅದರ ಮ್ಯಾಲೆ ಹೆಸರು ಬ್ಯಾಡ. ಹೋಗಿ ಬರಾವ್ರೆಲ್ಲಾ ಮನಿ ಸೊಸಿ ಹೆಸರು ಓದಿದ್ರ ಮರ್ಯಾದೆ ಏನ ಉಳಿತದ?" ಅಂದಿದ್ದರು. ಅದಕ್ಕೇ ಬೋರ್ಡಿನ ಮೇಲೆ 'ಶಿವಣ ಕ್ಲಾಸ್, ಫಕ್ತ ಮಹಿಳಾಂಸಾಠಿ' ಎಂದಷ್ಟೇ ಇದೆ, ಹೆಂಗಸರಿಗೆ ಮಾತ್ರ ಹೊಲಿಗೆ ಕ್ಲಾಸು ಎಂದು. ಯಾರ ಕ್ಲಾಸು ಎಂದು ಇಲ್ಲ. ಮರ್ಯಾದೆ ಎಂಬ ಮಾತನ್ನು ನಾನು ಬೈಲಹೊಂಗಲದಿಂದ ಮದುವೆಯಾಗಿ ಬಂದಾಗಿನಿಂದ ಕೇಳಿದ್ದೇನೆ. ಗೇಟಿನ ತನಕ ಬರಿ ತಲೆಯಲ್ಲಿ ಹೋದರೆ ಮರ್ಯಾದೆ ಹೋಯಿತು, ಬಸ್ಸಿನಲ್ಲಿ ಒಬ್ಬಳೇ ತರಕಾರಿ ಮಂಡಈಗೆ ಹೋದರೆ ಮರ್ಯಾದೆ ಹೋಯಿತು, ಜೋರಾಗಿ ನಕ್ಕರೂ ಹೋಯಿತು. ಅದು ನಮ್ಮ ಮನೆಯ ಸುತ್ತ ಎಳೆದ ಒಂದು ಗೆರೆ. ನನ್ನ ಗಂಡ ಚನ್ನವೀರ ಸಾಧು ಮನುಷ್ಯ, ಮಾರ್ಕೆಟ್ ಯಾರ್ಡಿನ ಒಂದು ಗೋದಾಮಿನಲ್ಲಿ ಹೆಡ್ ಕ್ಲಾರ್ಕು. ಗೆರೆ ಇದೆ ಎಂಬುದೂ ಅವರಿಗೆ ಗೊತ್ತಿರಲಿಲ್ಲ.

ಆ ವರ್ಷ ಧನಕವಡಿಯ ಒಂದು ಶಾಲೆಯವರು ಸಮವಸ್ತ್ರದ ಕಿಸೆಗೆ ಹಚ್ಚುವ ಬ್ಯಾಡ್ಜು ಹದಿನೆಂಟು ನೂರು ಬೇಕೆಂದು ಕೇಳಿದರು. ಶಾಲೆ ತೆರೆಯುವ ಮುಂಚೆ, ಜೂನ್ ಒಂದಕ್ಕೆ ಕೊಡಬೇಕು. ಕೈಯಿಂದ ಆಗುವ ಮಾತಲ್ಲ. ಹನ್ನೆರಡು ಸೂಜಿಯ, ಕಂಪ್ಯೂಟರಿನಿಂದ ನಡೆಯುವ ಕಸೂತಿ ಯಂತ್ರ ನಾನಾ ಪೇಠೆಯ ಒಂದು ಅಂಗಡಿಯಲ್ಲಿ ಒಂದೇ ಒಂದು ಉಳಿದಿತ್ತು. ಇನ್ನೊಂದು ಬರುವುದು ಮಳೆಗಾಲ ಕಳೆದ ಮೇಲೆ. ಶನಿವಾರದೊಳಗೆ ಪೂರ್ತಿ ಹಣ ಕೊಟ್ಟರೆ ನನಗೆ, ಇಲ್ಲದಿದ್ದರೆ ಶಿರೂರಿನ ಗಿರಾಕಿಗೆ ಎಂದು ಅಂಗಡಿಯವರು ಹೇಳಿದ್ದರು.

ಗುರುವಾರ ಸಂಜೆ ನನ್ನ ಮೈದುನ ಸಿದ್ರಾಮಪ್ಪ ಊಟಕ್ಕೆ ಬಂದಿದ್ದ. ರವಿವಾರ ಪೇಠೆಯಲ್ಲಿ ಅವನದು ಬಟ್ಟೆ ಅಂಗಡಿ. ಒಳ್ಳೆಯವನು, ಕೊಡುಗೈಯವನು. ಕೊಟ್ಟಮೇಲೆ ಕೊಟ್ಟದ್ದರ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂಡುವವನು.

"ವೈನಿ, ಅಷ್ಟ ದೊಡ್ಡ ಮಶೀನ್ ನಿಮ್ಮ ಖೋಲ್ಯಾಗ ಇಟ್ರ ಅವ್ವನ ಮಂಚ ಏನ ಬಿಸಲಾಗ ಗಚ್ಚೀ ಮ್ಯಾಲೆ ಇಡಾವ್ರ? ನಮ್ಮ ದುಕಾನದ ಮಾಳಗಿ ಖಾಲಿ ಅದ. ರೊಕ್ಕ ನಾ ಕೊಡ್ತೀನಿ. ನನ್ನ ಗೋಲ್ಡ್ ಕಾರ್ಡಿನ ಮ್ಯಾಲೆ ಮೂರು ಲಕ್ಷ ತನಕಾ ನಡಿತದ. ನೀವು ದಿನಾ ಹತ್ತಕ್ಕ ಬಂದು ನಡಸ್ರಿ, ಪಗಾರ ಹಚ್ತೀನಿ."

"ಯಾರಿಗೆ ಪಗಾರ?"

"ನಿಮಗ್ರಿ, ಮತ್ಯಾರಿಗೆ!" ಅಂದು ಸಂತೋಷದಿಂದ ನಕ್ಕ.

ನಾನು ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದೆ. ನನ್ನ ಗಂಡ, "ರೇಣು ಏನಂತಾಳ ಕೇಳಪಾ" ಅಂದರು. ಅತ್ತೆ ಕೇಳುವ ಅಗತ್ಯವೇ ಇಲ್ಲ ಎಂಬಂತೆ, "ಏನಂತಾಳ? ಮನಿ ಮಗಾ ಕೊಡ್ತೀನಂದ್ರ ಬ್ಯಾಡ ಅಂತಾಳೇನ?" ಅಂದರು.

ನಾನು ಬೇಡ ಎನ್ನಲಿಲ್ಲ. "ಶನಿವಾರ ಹನ್ನೊಂದಕ್ಕ ಅಂಗಡಿಗೆ ಬರ್ರಿ, ನೋಡೂಣು" ಅಂದೆ. ಆಗಲೇ ನನ್ನ ಲೆಕ್ಕದ ತೋಳು, ಜೋಡು ಎಲ್ಲಾ ಕತ್ತರಿಸಿ ಆಗಿತ್ತು.

ಹೇಗೆಂದರೆ, ಹದಿನೆಂಟು ವರ್ಷದ ಕ್ಲಾಸಿನ ಹಣ ಒಂದು ಲಕ್ಷ ಹತ್ತು ಸಾವಿರ ನಮ್ಮ ಓಣಿಯ ಪತಪೇಢಿಯಲ್ಲಿ, ಅಂದರೆ ಪತ್ತಿನ ಸಂಘದಲ್ಲಿ, ಇತ್ತು. ಆ ವಾರದ ಶುರುವಿನಲ್ಲೇ ಅದನ್ನು ತೆಗೆದು, ನೇರ ನನ್ನ ಕಾರ್ಡಿನ ಬ್ಯಾಂಕಿಗೆ ಹೋಗಿ, ಕಾರ್ಡಿನ ಖಾತೆಗೇ ಕಟ್ಟಿಬಿಟ್ಟಿದ್ದೆ. ಕೌಂಟರಿನ ಹುಡುಗಿ ಪರದೆ ನೋಡಿದಳು, ನನ್ನನ್ನು ನೋಡಿದಳು.

"ಮ್ಯಾಡಮ್, ನಿಮ್ಮ ಮೇಲೆ ಒಂದು ರೂಪಾಯಿಯೂ ಬಾಕಿ ಇಲ್ಲ."

"ಗೊತ್ತು. ಇರಲಿ, ಇಟ್ಟುಕೊಳ್ಳಿ."

ಅವರು ಕೊಡುವುದು ಎಪ್ಪತ್ತೈದು, ನಾನು ಮುಂಚೆಯೇ ಇಟ್ಟದ್ದು ಒಂದು ಲಕ್ಷ ಹತ್ತು. ಕೂಡಿದರೆ ಒಂದು ಲಕ್ಷ ಎಂಬತ್ತೈದು. ಯಂತ್ರ ಬಂದು ಮೂರು ಸಾವಿರ ಉಳಿಯುತ್ತದೆ. ಅರ್ಧ ನಗದು, ಅರ್ಧ ಕಾರ್ಡು ಎಂದೂ ಮಾಡಬಹುದಿತ್ತು. ಆದರೆ ಲಕ್ಷ ರೂಪಾಯಿ ಪರ್ಸಿನಲ್ಲಿಟ್ಟುಕೊಂಡು ನಾನಾ ಪೇಠೆಯ ಗದ್ದಲದಲ್ಲಿ ನಡೆಯುವುದು ನನಗೆ ಬೇಡವಾಗಿತ್ತು. ಅದಕ್ಕಿಂತ ಹೆಚ್ಚಾಗಿ, ಹಣ ಎರಡು ತುಂಡಾಗಿದ್ದರೆ ನಡುವೆ ಕೈ ಹಾಕಲು ಸಿದ್ರಾಮಪ್ಪನಿಗೆ ಜಾಗ ಸಿಗುತ್ತದೆ. 'ಇದೊಂದಿಷ್ಟು ನಾ ಕೊಡ್ತೀನಿ' ಅಂತಾನೆ, ಆಮೇಲೆ ಆ ಒಂದಿಷ್ಟು ಬೆಳೆದು ಯಂತ್ರ ಮಾಳಗಿ ಹತ್ತುತ್ತದೆ. ನನಗೆ ಒಂದೇ ಚೀಟಿ ಬೇಕಿತ್ತು. ಅದರ ಕೆಳಗೆ ಒಂದೇ ಸಹಿ, ನನ್ನದು. ಇದಕ್ಕೆ ಹಟ ಅನ್ನುವುದಾದರೆ ಅನ್ನಿ.

ಶನಿವಾರ ಹೊರಡುವಾಗ ಅತ್ತೆ ತಾವೂ ಬರುವುದಾಗಿ ಹೇಳಿದರು. ಎಪ್ಪತ್ತಾರು ವರ್ಷ, ಕೈಯಲ್ಲಿ ಕೋಲು. "ಅಷ್ಟ ರೊಕ್ಕದ ಸಾಮಾನು. ಸಿದ್ರಾಮ ತಗೊಳ್ಳೂದು ನಾ ನೋಡಬೇಕು" ಅಂದರು. ಸಿದ್ರಾಮ ತಗೊಳ್ಳುವುದು! ನಾನು ರಿಕ್ಷಾ ಕರೆದೆ.

ನಾವು ಹೋದಾಗ ಸಿದ್ರಾಮಪ್ಪ ಆಗಲೇ ಬಂದು, ಫ್ಯಾನಿನ ಕೆಳಗಿನ ಕುರ್ಚಿ ಹಿಡಿದು, ಅರ್ಧ ಚಹಾ ಮುಗಿಸಿದ್ದ. ಕೌಂಟರಿನ ಹಿಂದೆ ಮಧುಕರ. ಐವತ್ತೈದರ ಮೇಲಿನ ವಯಸ್ಸು, ಇಸ್ತ್ರಿ ಮಾಡಿದ ಅರ್ಧ ತೋಳಿನ ಅಂಗಿ, ಅಪ್ಪಟ ಸದಾಶಿವ ಪೇಠೆಯ ಮರಾಠಿ. ಮಾತಿನಲ್ಲಿ ಇಂಗ್ಲಿಷು ಬೆರೆತರೆ ನಾಲಿಗೆ ಮೈಲಿಗೆ ಆಗುತ್ತದೆ ಅನ್ನುವ ಜಾತಿಯವರು. ಫೋನು ಅವರಿಗೆ ದೂರಧ್ವನಿ, ಬಿಲ್ಲು ದೇಯಕ. ಎರಡು ವಾರದಿಂದ ನಾನು ಅಲ್ಲಿಗೆ ಹೋಗಿ ಬಂದು, ಯಂತ್ರದ ದಾರ ಪೋಣಿಸುವುದನ್ನು ಕಲಿತು, ಅವರಿಗೆ ನನ್ನ ಕೈ ಗೊತ್ತಾಗಿತ್ತು. ಆದರೂ ಅವರ ಮುಂದಿದ್ದ ಕಾಗದದ ಮೇಲೆ ಸಿದ್ರಾಮಪ್ಪನ ಅಂಗಡಿಯ ವಿಳಾಸ ಬರೆದಾಗಿತ್ತು.

"ಇದೇನು?" ಮರಾಠಿಯಲ್ಲಿ ಕೇಳಿದೆ.

"ಯಂತ್ರ ತಲುಪಿಸುವ ಜಾಗ, ತಾಈ. ನಿಮ್ಮ ದೀರ ಬರೆಸಿದರು."

ದೀರ ಎಂದರೆ ಮೈದುನ. ಮೈದುನ ಕೈ ಬೀಸಿ, "ವೈನಿ, ನಿಮಗ ತ್ರಾಸ ಬ್ಯಾಡ ಅಂತ ನಾನ ಎಲ್ಲಾ ಮುಗಿಸೇನ್ರಿ. ಕಾರ್ಡ್ ಉಜ್ಜೂದು ಒಂದ ಉಳದದ" ಅಂದ. ಅವನ ಬಂಗಾರದ ಬಣ್ಣದ ಕಾರ್ಡು ಚಹಾದ ಬಸಿಯ ಪಕ್ಕದಲ್ಲಿ ಬಿಸಿಲು ಕಾಯಿಸುತ್ತಿತ್ತು.

"ಉಳದದ್ದು ನಾ ಮಾಡ್ತೀನಿ," ಅಂದು ನನ್ನ ಕಾರ್ಡನ್ನು ಕೌಂಟರಿನ ಮೇಲಿಟ್ಟೆ. "ಮಧುಕರರಾವ್, ಆ ಕಾಗದ ಹರಿಯಿರಿ. ವಿಳಾಸ ಬಿಬವೇವಾಡಿ. ಹೆಸರು ರೇಣುಕಾ."

ಮಧುಕರ ಕನ್ನಡಕ ಇಳಿಸಿ ಒಮ್ಮೆ ಅವನನ್ನು, ಒಮ್ಮೆ ನನ್ನನ್ನು ನೋಡಿದರು. ಸಿದ್ರಾಮಪ್ಪ ಇನ್ನೂ ನಗುತ್ತಿದ್ದ. ನನ್ನ ಕಾರ್ಡಿನ ಮಿತಿ ಎಷ್ಟೆಂದು ಅವನಿಗೆ ಗೊತ್ತಿತ್ತು. ಎರಡು ವರ್ಷದ ಹಿಂದೆ ತರಕಾರಿ ಮಾರ್ಕೆಟ್ಟಿನ ಹತ್ತಿರ ಬ್ಯಾಂಕಿನ ಛತ್ರಿ ಹಾಕಿಕೊಂಡು ನಿಂತಿದ್ದ ಹುಡುಗಿಯೊಬ್ಬಳು ಬದನೆಕಾಯಿಯ ಚೀಲ ನೆಲಕ್ಕೆ ಇಡಿಸಿ ನನ್ನಿಂದ ಫಾರ್ಮು ತುಂಬಿಸಿಕೊಂಡಿದ್ದಳು. ಕಾರ್ಡು ಬಂದಾಗ ಅವನೇ ಅದನ್ನು ಹಿಂದೆ ಮುಂದೆ ತಿರುಗಿಸಿ, "ಇರಲಿ, ಕಾಯಿಪಲ್ಯಾಕ್ಕ ಆತು" ಅಂದಿದ್ದ.

"ಉಜ್ಜಿ ನೋಡಿ ಮಧುಕರರಾವ್, ಅವರ ಮನಸ್ಸಿಗೂ ಸಮಾಧಾನ ಆಗಲಿ" ಅಂದ ಈಗ, ಮರಾಠಿಯಲ್ಲಿ.

ಮಧುಕರ ಉಜ್ಜಿದರು. ಕಾರ್ಡಿನ ಯಂತ್ರ ಸ್ವಲ್ಪ ಹೊತ್ತು ಯೋಚಿಸಿತು. ಆಮೇಲೆ ಕುಂಯ್ ಎಂದು ಒಂದು ಸಣ್ಣ ಚೀಟಿ ಉಗುಳಿತು. ಮಧುಕರ ಅದನ್ನು ಓದಿ, ಎರಡೂ ಕೈಯಿಂದ ಹಿಡಿದು, ದುಃಖದ ವಾರ್ತೆ ತಂದವರ ಹಾಗೆ ಮೆಲ್ಲಗೆ ಹೇಳಿದರು. "ತಾಈ, ಹೇ ಮರ್ಯಾದೇಬಾಹೇರ ಜಾತಂಯ."

ಮರಾಠಿಯಲ್ಲಿ ಮರ್ಯಾದಾ ಎಂದರೆ ಮಿತಿ. ರಸ್ತೆಯಲ್ಲಿ ಗಾಡಿಯ ವೇಗಕ್ಕೆ ಮರ್ಯಾದಾ ಇರುತ್ತದೆ, ಲಿಫ್ಟಿನಲ್ಲಿ ಎಷ್ಟು ಜನ ಹತ್ತಬೇಕೆಂಬುದಕ್ಕೂ ಇರುತ್ತದೆ. ಕಾರ್ಡಿನ ಮಿತಿ ಮೀರಿದೆ ಎಂದು ಆ ಮನುಷ್ಯ ತನ್ನ ಶುದ್ಧ ಭಾಷೆಯಲ್ಲಿ ಹೇಳಿದ್ದು, ಅಷ್ಟೇ. ಆದರೆ ನಮ್ಮ ಅತ್ತೆ ನಲವತ್ತು ವರ್ಷ ಪುಣೆಯಲ್ಲಿದ್ದರೂ ಮರಾಠಿಯನ್ನು ಕನ್ನಡದ ಕಿವಿಯಿಂದಲೇ ಕೇಳುವವರು. ಸ್ಟೂಲಿನ ಮೇಲೆ ಕೂತಿದ್ದವರು ಕೋಲು ಊರಿ ಎದ್ದರು.

"ಏನಂದಾ ಇಂವಾ? ಮರ್ಯಾದೆ ಬಿಟ್ಟಾಳ ಅಂದನ?"

"ಅವ್ವಾ, ಹಂಗಲ್ಲ..." ಸಿದ್ರಾಮಪ್ಪ ಎದ್ದ.

"ನೀ ಸುಮ್ನ ಕುಂಡ್ರು. ಯಾಕಪಾ?" ಮಧುಕರರ ಕಡೆ ಕೋಲು ತಿರುಗಿತು. ಅವರಿಗೆ ಒಂದಕ್ಷರವೂ ತಿಳಿಯದ ಕನ್ನಡದಲ್ಲಿ ಅತ್ತೆ ಶುರು ಮಾಡಿದರು. "ನನ್ನ ಸೊಸಿ ಇಪ್ಪತ್ತೈದ ವರ್ಷ ಆತು ನಮ್ಮ ಮನಿಗೆ ಬಂದು. ಒಂದ ದಿನಾ ಒಬ್ಬರ ಮುಂದ ಕೈ ಒಡ್ಡಿಲ್ಲ. ಹದಿನೆಂಟ ವರ್ಷ ಬಗ್ಗಿ ಬಗ್ಗಿ ಹೊಲದು ಬೆನ್ನ ಡೊಂಕ ಮಾಡ್ಕೊಂಡಾಳ. ಈ ಪುಣೇದಾಗ ಆಕಿಗಿರೋ ಮರ್ಯಾದೆ ನಿನ್ನ ದುಕಾನದಾಗ ಯಾರಿಗದ? ಹೇಳು!"

ಮಧುಕರ ಗಾಬರಿಯಾಗಿ ಎರಡು ಹೆಜ್ಜೆ ಹಿಂದೆ ಹೋಗಿ, "ಆಜೀ, ಪಾಣೀ ಘ್ಯಾ" ಎಂದು ನೀರಿನ ಲೋಟ ಮುಂದೆ ಹಿಡಿದರು. ಅತ್ತೆ ನೀರು ಮುಟ್ಟಲಿಲ್ಲ.

ನಾನು ಹೇಳಬೇಕಾದ್ದು ಸುಲಭವಿತ್ತು. 'ಅತ್ತೀ, ಅಂವಾ ಕಾರ್ಡಿನ ಮಾತ ಆಡಿದ' ಎಂದರೆ ಮುಗಿಯಿತು. ನಾನು ತಕ್ಷಣ ಹೇಳಲಿಲ್ಲ. ಯಾವ ಮಾತಿನಿಂದ ನನ್ನನ್ನು ಗೇಟಿನೊಳಗೆ ಇಟ್ಟಿದ್ದರೋ ಅದೇ ಮಾತನ್ನು ಹಿಡಿದುಕೊಂಡು ಈ ಮುದುಕಿ ನಾನಾ ಪೇಠೆಯ ನಡು ಅಂಗಡಿಯಲ್ಲಿ ನನ್ನ ಪರವಾಗಿ ಕೋಲೆತ್ತಿ ನಿಂತಿದ್ದರು. ಅವರಿಗೆ ನನ್ನ ಬೆನ್ನು ಡೊಂಕಾದದ್ದು ಕಂಡಿತ್ತು ಎಂಬುದೇ ನನಗೆ ಗೊತ್ತಿರಲಿಲ್ಲ. ಅಷ್ಟು ಹೊತ್ತು ಅದನ್ನು ಕೇಳುವುದು ನನ್ನ ಹಕ್ಕು ಅನ್ನಿಸಿತು. ಆಮೇಲೆ ಅವರ ಮೊಣಕೈ ಹಿಡಿದು ಕೂಡಿಸಿ ತಿಳಿಸಿ ಹೇಳಿದೆ.

"ಅಂದ್ರ ಕಾರ್ಡಿಗೆ ಮರ್ಯಾದೆ ಅದ?"

"ಹೌದ್ರಿ. ಎಪ್ಪತ್ತೈದ ಸಾವಿರ."

ಅತ್ತೆ ಕೋಲನ್ನು ಮಡಿಲಲ್ಲಿ ಅಡ್ಡ ಇಟ್ಟುಕೊಂಡರು. "ಭಾಳ ಕಮ್ಮಿ ಆತು" ಅಂದರು.

ಸಿದ್ರಾಮಪ್ಪ ಇದೇ ಸಮಯ ಎಂದು ತನ್ನ ಕಾರ್ಡನ್ನು ಎರಡು ಬೆರಳಲ್ಲಿ ಎತ್ತಿದ. "ಆತಲ್ಲ ವೈನಿ, ಪ್ರಯತ್ನ ಮಾಡಿದ್ರಿ. ನಾಕ ಗಂಟೆಕ್ಕ ಶಿರೂರಿನಾಂವ ಬರ್ತಾನ. ಅಂವಾ ಒಯ್ಯೋದಕಿಂತಾ ನಮ್ಮ ಮಾಳಗಿ ಮ್ಯಾಲೆ ಇದ್ರ ಏನ ಕೆಟ್ಟದ? ಮಧುಕರರಾವ್, ತೆಗೆದುಕೊಳ್ಳಿ."

"ಒಂದ ನಿಮಿಷ," ಅಂದೆ. "ಮಧುಕರರಾವ್, ಆ ಚೀಟಿಯ ಮೇಲೆ ಮಿತಿ ಮೀರಿತು ಎಂದು ಬರೆದಿದೆಯೋ, ಬ್ಯಾಂಕಿಗೆ ಫೋನು ಮಾಡಿ ಎಂದು ಬರೆದಿದೆಯೋ?"

ಅವರು ಚೀಟಿಯನ್ನು ಕನ್ನಡಕದ ಹತ್ತಿರ ತಂದರು. ಬ್ಯಾಂಕಿಗೆ ದೂರಧ್ವನಿ ಮಾಡಿ ಎಂದು ಇತ್ತು. ಮಿತಿಯ ಮಾತು ಅವರ ಊಹೆ.

"ಹಾಗಾದರೆ ಮಾಡಿ."

ನನಗೆ ಇದರ ಅಂದಾಜು ಇತ್ತು. ಕೌಂಟರಿನ ಹುಡುಗಿ ಅವತ್ತೇ ಹೇಳಿದ್ದಳು, ಹಣವೇನೋ ಖಾತೆಯಲ್ಲಿರುತ್ತದೆ ಮ್ಯಾಡಮ್, ಆದರೆ ಒಂದೇ ಬಿಲ್ಲು ಇಷ್ಟು ದೊಡ್ಡದಾದರೆ ಯಂತ್ರ ಒಮ್ಮೆ ಅನುಮಾನ ಪಡುತ್ತದೆ ಎಂದು. ಅನುಮಾನ ಪಡುವವರನ್ನು ನಾನು ಹದಿನೆಂಟು ವರ್ಷದಿಂದ ನೋಡಿದ್ದೇನೆ. ಅಳತೆ ತೆಗೆಯುವ ಮುಂಚೆ ಎಲ್ಲ ಗಿರಾಕಿಗಳೂ ಪಡುತ್ತಾರೆ.

ಮಧುಕರ ನಂಬರು ತಿರುಗಿಸಿ, ಅಂಗಡಿಯ ಹೆಸರು ಹೇಳಿ, ಕಾರ್ಡಿನ ಹದಿನಾರು ಅಂಕಿಗಳನ್ನು ಮಂತ್ರದ ಹಾಗೆ ಓದಿದರು. ಆ ಕಡೆಯಿಂದ ಕಾರ್ಡಿನವರನ್ನೇ ಕೊಡಿ ಎಂದರು. ರಿಸೀವರ್ ನನ್ನ ಕಡೆ ಬರುವಷ್ಟರಲ್ಲಿ ನಡುವೆ ಸಿದ್ರಾಮಪ್ಪನ ಕೈ ಬಂತು.

"ಕೊಡ್ರಿ, ನಾ ಮಾತಾಡ್ತೀನಿ. ಬ್ಯಾಂಕಿನವ್ರ ಜೋಡಿ ಹ್ಯಾಂಗ ಮಾತಾಡಬೇಕು ನಂಗ ಗೊತ್ತದ." ಕಿವಿಗಿಟ್ಟುಕೊಂಡು ಮರಾಠಿಯಲ್ಲಿ, "ಹಾಂ, ಬೋಲಾ. ನಾನು ಅವರ ಮೈದುನ. ಒಂದೇ ಮನೆಯವರು. ಏನು ಬೇಕು ಕೇಳಿ" ಅಂದ. ಕೇಳಿಸಿಕೊಂಡ. "ಅವರ ತಾಯಿಯ ತವರಿನ ಅಡ್ಡಹೆಸರೇ? ಅಷ್ಟೇನಾ? ಬರಕೊಳ್ಳಿ, ಪಟ್ಟಣಶೆಟ್ಟಿ."

ಪಟ್ಟಣಶೆಟ್ಟಿ ನನ್ನ ತವರು. ನನ್ನ ಅಪ್ಪನ ಹೆಸರು. ನನ್ನ ಅವ್ವ ಮದುವೆಯಾಗಿ ಹೊಕ್ಕ ಮನೆಯ ಹೆಸರು.

ಸಿದ್ರಾಮಪ್ಪನ ಮುಖ ಬದಲಾಯಿತು. ರಿಸೀವರಿನ ಬಾಯಿಗೆ ಕೈ ಮುಚ್ಚಿ, "ತಪ್ಪು ಅಂತಾಳ್ರಿ" ಅಂದ. "ಇನ್ನ ಎರಡ ಸಲ ತಪ್ಪ ಹೇಳಿದ್ರ ಕಾರ್ಡ್ ಬಂದ್ ಮಾಡ್ತಾರಂತ. ವೈನಿ, ನಿಮ್ಮ ತವರಮನಿ ಪಟ್ಟಣಶೆಟ್ಟಿ ಅಲ್ಲೇನ್ರಿ ಮತ್ತ?"

"ನಂದು ಹೌದು. ನಮ್ಮವ್ವಂದಲ್ಲ."

"ನಿಮ್ಮವ್ವಂದು ಬ್ಯಾರೆ ಇರತದ?"

ಅವನು ತಮಾಷೆಗೆ ಕೇಳಲಿಲ್ಲ. ನಿಜವಾಗಿಯೂ ಅವನಿಗೆ ಅದು ಹೊಳೆದಿರಲಿಲ್ಲ. ನಾನು ರಿಸೀವರ್ ತಗೊಂಡೆ.

ಆ ಕಡೆ ಒಬ್ಬ ಹುಡುಗಿ. ಇಂಗ್ಲಿಷಿನಲ್ಲಿ ಶುರು ಮಾಡಿ, ಹಿಂದಿಗೆ ಬಂದು, ನನ್ನ ಹಿಂದಿ ಕೇಳಿ ಮರಾಠಿಗೆ ಇಳಿದಳು. ಹುಟ್ಟಿದ ದಿನಾಂಕ ಕೇಳಿದಳು, ಹೇಳಿದೆ. ಮನೆಯ ವಿಳಾಸ, ಹೇಳಿದೆ. ಕೊನೆಗೆ ಅವ್ವನ ತವರಿನ ಅಡ್ಡಹೆಸರು ಕೇಳಿದಳು, "ಆಈಚಂ ಮಾಹೇರಚಂ ಆಡನಾವ?"

ನನ್ನ ಅವ್ವ ಸವದತ್ತಿ ಕಡೆಯವಳು. ಅವಳ ಹೆಸರಿನ ಹಿಂದೆ ನಮ್ಮ ಊರಿನಲ್ಲಿ ಯಾರೂ ಏನೂ ಹಚ್ಚುತ್ತಿರಲಿಲ್ಲ. ಪಟ್ಟಣಶೆಟ್ಟರ ಮನಿಯಾಕಿ, ರೇಣಾನ ಅವ್ವ, ಅಷ್ಟೇ. ಅಪ್ಪನ ಮೇಲೆ ಸಿಟ್ಟು ಬಂದಾಗ ಮಾತ್ರ, ವರ್ಷಕ್ಕೆ ಒಂದೋ ಎರಡೋ ಸಲ, ನಡುಮನೆಯಲ್ಲಿ ನಿಂತು ಸೆರಗು ಬಿಗಿದು ಅನ್ನುತ್ತಿದ್ದಳು, "ನಾ ಹಂಚಿನಮನಿ ಮಗಳು. ನೆಪ್ಪಿರಲಿ." ಆ ಮಾತು ಬಂದಮೇಲೆ ಅಪ್ಪ ಚಪ್ಪಲಿ ಮೆಟ್ಟಿ ಹೊರಗೆ ಹೋಗುತ್ತಿದ್ದ. ಅವಳು ಸತ್ತ ಮೇಲೆ ಆ ಹೆಸರನ್ನು ನಾನೂ ಬಾಯಿಬಿಟ್ಟು ಹೇಳಿರಲಿಲ್ಲ. ಬದನೆಕಾಯಿಯ ಚೀಲ ಕೆಳಗಿಟ್ಟು ಫಾರ್ಮು ತುಂಬುವಾಗ ಮಾತ್ರ ಹೇಳಿದ್ದೆ. ಹುಡುಗಿ ಎರಡು ಸಲ ಕೇಳಿ ಬರೆದುಕೊಂಡಿದ್ದಳು.

"ಹಂಚಿನಮನಿ," ಅಂದೆ. ಅಂಗಡಿಯಲ್ಲಿ ಎಲ್ಲರಿಗೂ ಕೇಳುವ ಹಾಗೆ ಅಂದೆ ಎಂದು ಆಮೇಲೆ ಗೊತ್ತಾಯಿತು.

ಆ ಕಡೆ ಕೀಲಿಗಳ ಮೇಲೆ ಬೆರಳಾಡುವ ಸದ್ದು. "ಬರೋಬರ," ಅಂದಳು ಹುಡುಗಿ. ಸರಿಯಾಗಿದೆ. "ಮ್ಯಾಡಮ್, ನಿಮ್ಮ ಒಂದು ಲಕ್ಷ ಹತ್ತು ಸಾವಿರ ಇಲ್ಲಿ ಜಮಾ ಕಾಣಿಸುತ್ತಿದೆ. ಇಷ್ಟು ಮೊದಲೇ ಕಟ್ಟಿದವರನ್ನು ನಾನು ನೋಡಿರಲಿಲ್ಲ. ಇವತ್ತಿನ ಮಟ್ಟಿಗೆ ನಿಮ್ಮ ಲಿಮಿಟ್ ಎರಡು ಲಕ್ಷ ಮಾಡಿ ಕೊಡಲೇ?"

"ಮಾಡಿ," ಅಂದೆ. ಬಾಯಿಂದ ಮರಾಠಿ ತಾನೇ ಬಂತು. "ಮಾಝೀ ಮರ್ಯಾದಾ ದೋನ ಲಾಖ ಕರಾ." ನನ್ನ ಮರ್ಯಾದೆ ಎರಡು ಲಕ್ಷ ಮಾಡಿ.

ಮಧುಕರ ಮೆಚ್ಚಿ ತಲೆ ಆಡಿಸಿದರು. ಭಾಷೆಯನ್ನೋ, ನನ್ನನ್ನೋ ತಿಳಿಯಲಿಲ್ಲ.

ಎರಡನೇ ಸಲ ಉಜ್ಜಿದಾಗ ಯಂತ್ರ ಯೋಚಿಸಲಿಲ್ಲ. ಚೀಟಿ ಉದ್ದಕ್ಕೆ ಹೊರಬಂತು. ಮಧುಕರ ಅದನ್ನು ಹರಿದು, ಅಳತೆಪಟ್ಟಿಯಿಂದ ಗೆರೆ ಎಳೆದ ಹಾಗೆ ನೇರಕ್ಕೆ ನನ್ನ ಮುಂದಿಟ್ಟು ಪೆನ್ನು ಕೊಟ್ಟರು. ನಾನು ಸಹಿ ಮಾಡಿದೆ. ಹದಿನೆಂಟು ವರ್ಷ ಬೋರ್ಡಿನ ಮೇಲೆ ಬಾರದ ಹೆಸರು ಬೆರಳುದ್ದದ ಆ ಕಾಗದದ ಮೇಲೆ ಎರಡು ಕಡೆ ಬಂತು. ಅಚ್ಚಾಗಿ ಒಮ್ಮೆ, ನನ್ನ ಕೈಯಲ್ಲಿ ಒಮ್ಮೆ.

ಸಿದ್ರಾಮಪ್ಪ ತಣ್ಣಗಾದ ಚಹಾ ಕುಡಿದು ಮುಗಿಸಿದ. ಅವನ ಕಾರ್ಡು ಕಿಸೆಗೆ ಹೋಯಿತು. ಒಂದು ಕ್ಷಣ ನನಗೆ ಅಯ್ಯೋ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ಕೊಡಬೇಕೆಂದು ಬಂದವನು ಕೊಡದೆ ಎದ್ದು ನಿಂತಿದ್ದ.

"ವೈನಿ, ನಿಮ್ಮನ್ನ ನಾ ಕಾಯಿಪಲ್ಯಾದ ಗಿರಾಕಿ ಅಂದ್ಕೊಂಡಿದ್ದೆ."

"ಕಾಯಿಪಲ್ಯಾನೂ ಇದರಾಗಿಂದ ತರ್ತೀನ್ರಿ. ಸೋಮವಾರ ಮಶೀನ್ ಬರತದ. ನಿಮ್ಮ ದುಕಾನದ ಇಬ್ಬರನ್ನ ಕಳಸ್ರಿ, ಮೆಟ್ಟಲಾ ಹತ್ತಸಾಕ ಬೇಕು. ಆಮ್ಯಾಲೆ ನಿಮ್ಮ ಅಂಗಡಿ ಕಸೂತಿ ಕೆಲಸಾ ನಂಗ ಕೊಡ್ರಿ. ದರಾ ಮಾತಾಡೂಣು."

"ದರಾ!" ಅವನು ಹಣೆ ಬಡಿದುಕೊಂಡ. ಆದರೆ ನಕ್ಕ. "ಮನಿಯವ್ರಿಗೂ ದರಾ?"

"ಮನಿಯವ್ರಿಗೆ ಪಗಾರ ಹಚ್ಚತಿದ್ರಲ್ಲ, ಹಂಗ."

ಅತ್ತೆ ಇದನ್ನೆಲ್ಲ ಕೇಳುತ್ತಿದ್ದರು. ಹೊರಡುವಾಗ ಮಧುಕರರ ನೀರಿನ ಲೋಟ ಎತ್ತಿ ಗಟಗಟ ಕುಡಿದು, "ಛಲೋ ಮನಶ್ಯಾ ಅದಾನ" ಎಂದು ಪ್ರಮಾಣಪತ್ರ ಕೊಟ್ಟರು.

ಬರುವಾಗ ಸ್ವಾರಗೇಟಿನ ಸಿಗ್ನಲ್ಲಿನ ಕೆಂಪು ದೀಪಕ್ಕೆ ರಿಕ್ಷಾ ನಿಂತಾಗ ಅತ್ತೆ ಕೇಳಿದರು.

"ಈಗ ಎಷ್ಟಾತು ನಿನ್ನ ಮರ್ಯಾದೆ?"

"ಎರಡ ಲಕ್ಷ. ಆದ್ರ ಇವತ್ತಿಂದಷ್ಟ. ನಾಳೆ ಮತ್ತ ಎಪ್ಪತ್ತೈದ ಸಾವಿರ."

"ನಾಳೆ ಯಾಂವಗ ಬೇಕಾಗೇದ. ಇವತ್ತ ಕೆಲಸಾ ಆತಲ್ಲ." ನನ್ನ ಕಡೆ ತಿರುಗಿ, "ನಿಮ್ಮವ್ವ ಹಂಚಿನಮನಿ ಮಗಳು ಅಂತ ನಂಗ ಇಷ್ಟ ವರ್ಷ ಗೊತ್ತಿದ್ದಿಲ್ಲ ನೋಡು."

"ನೀವು ಕೇಳಿದ್ದಿಲ್ರಿ."

"ಕೇಳಬೇಕು ಅಂತನ ಗೊತ್ತಿದ್ದಿಲ್ಲ."

ಈ ಪಟ್ಟಣದಲ್ಲಿ ಮರ್ಯಾದೆ ಒಂದು ಅಂಕಿ. ಇಷ್ಟೇ ಎಂದು ಬರೆದಿರುತ್ತಾರೆ, ಫೋನು ಮಾಡಿ ಕೇಳಿದರೆ ಹೆಚ್ಚು ಮಾಡಿ ಕೊಡುತ್ತಾರೆ. ನಾನು ಮಾತ್ರ ಇಷ್ಟು ವರ್ಷ ಅದನ್ನು ಯಾರೋ ಗೋಡೆ ಕಟ್ಟಿಬಿಟ್ಟಂತೆ ನಂಬಿ, ಅದಕ್ಕೆ ಬೆನ್ನು ಹಚ್ಚಿ ಕೂತು ಹೊಲಿಯುತ್ತಿದ್ದೆ. ಕಟ್ಟಿದವರೂ ನನ್ನ ಜೊತೆ ಅದೇ ಗೋಡೆಗೆ ಬೆನ್ನು ಹಚ್ಚಿ ಕೂತಿದ್ದರೇ ಎಂದು ನನಗೆ ಆ ರಿಕ್ಷಾದಲ್ಲಿ ಅನ್ನಿಸಿತು.

"ನಿಮ್ಮವ್ವಂದು ಯಾವ ಮನಿರಿ ಅತ್ತೀ?" ಅಂದೆ.

ಅತ್ತೆ ಬಾಯಿ ತೆರೆದರು. ತಮ್ಮ ತವರಿನ ಹೆಸರು ಬಂತು, ಅದಲ್ಲ ಎಂದು ಕೈಯಾಡಿಸಿದರು. ಅವರ ಅವ್ವನ ಹೆಸರು ಬಂತು, ಸಂಗವ್ವ. ಊರು ಬಂತು. ಮನೆಯ ಮುಂದಿನ ಬೇವಿನ ಗಿಡ ಬಂತು, ಬಾಗಿಲಲ್ಲಿ ಕಟ್ಟುತ್ತಿದ್ದ ಕೆಂದ ಆಕಳು ಬಂತು. ಹೆಸರು ಬರಲಿಲ್ಲ. ದೀಪ ಹಸಿರಾಯಿತು. ಮನೆಯ ತನಕ ಅವರು ಕೋಲಿನ ತುದಿಯಿಂದ ರಿಕ್ಷಾದ ನೆಲ ಕುಟ್ಟುತ್ತ ಹುಡುಕುತ್ತಲೇ ಇದ್ದರು.

ಸೋಮವಾರ ಯಂತ್ರ ಬಂತು. ಸಿದ್ರಾಮಪ್ಪ ಇಬ್ಬರನ್ನು ಕಳಿಸುವ ಬದಲು ನಾಲ್ವರನ್ನು ಕರೆದುಕೊಂಡು ತಾನೇ ಬಂದು, ಮೆಟ್ಟಿಲ ಮೇಲೆ ನಿಂತು ಎಲ್ಲರಿಗೂ ಕೂಗಾಡಿದ. ಅತ್ತೆಯ ಮಂಚ ಗಚ್ಚಿಗೇನೂ ಹೋಗಲಿಲ್ಲ. ಕಿಟಕಿಯ ಕಡೆ ಎರಡು ಗೇಣು ಸರಿಯಿತು, ಅಷ್ಟೇ. ಜೋಡಿಸಲು ಮಧುಕರ ಬಂದಿದ್ದರು. ಹನ್ನೆರಡು ಬಣ್ಣದ ದಾರ ಏರಿಸಿ, ಬಿಳಿ ಬಟ್ಟೆಯ ತುಂಡೊಂದನ್ನು ಚೌಕಟ್ಟಿಗೆ ಬಿಗಿದು ಕೇಳಿದರು, ಪರೀಕ್ಷೆಗೆ ಏನು ಬರೆಯಲಿ ತಾಈ, ಎಲ್ಲರೂ ದೇವರ ಹೆಸರು ಹಾಕಿಸುತ್ತಾರೆ.

ನಾನು ಏನೋ ಹೇಳುವ ಮುಂಚೆ ಮಂಚದಿಂದ ಅತ್ತೆ ಅಂದರು, "ಬೆಲ್ಲದ. ಬೆಲ್ಲದ ಅಂತ ಹಾಕ್ರಿ."

"ಯಾರವ್ವಾ ಬೆಲ್ಲದ?" ಸಿದ್ರಾಮಪ್ಪ ಕೇಳಿದ.

"ನಮ್ಮವ್ವನ ತವರಮನಿ. ಮುಂಜಾನೆ ಮಾರಿ ತೊಳ್ಕೊಳ್ಳಾಕತ್ತಿದ್ದೆ, ನೆಪ್ಪಾತು. ಮತ್ತ ಮರತಗಿರತೇನ, ಲಗೂನ ಹೊಲಿ ಅನ್ರಿ."

ನಾನು ಅಕ್ಷರಗಳನ್ನು ಒಂದೊಂದಾಗಿ ಒತ್ತಿದೆ. ಸೂಜಿ ಇಳಿಯಿತು.

"ಅವ್ವಾ, ಅದು ಗುಟ್ಟಿನ ಹೆಸರವಾ," ಸಿದ್ರಾಮಪ್ಪ ಗಂಭೀರವಾಗಿ ಹೇಳಿದ. "ಹಿಂಗ ಎಲ್ಲಾರಿಗೂ ಕಾಣೂ ಹಂಗ ಬರಸಬಾರದು. ನಾಳೆ ನೀ ಕಾರ್ಡ್ ತಗೊಂಡ್ರ ಯಾರರೆ ನಿನ್ನ ಮರ್ಯಾದೆ ಖರ್ಚ ಮಾಡಿಬಿಡ್ತಾರ."

ಅತ್ತೆ ಬಗ್ಗಿ ನೋಡುತ್ತಿದ್ದರು. ಬಟ್ಟೆಯ ಮೇಲೆ ಕೆಂಪು ದಾರದ ಮೊದಲ ಅಕ್ಷರ ಮುಗಿದು ಎರಡನೆಯದು ಏಳುತ್ತಿತ್ತು.

"ಮಾಡ್ಲಿ ಬಿಡೋ," ಅಂದರು. "ನನ್ನ ಮರ್ಯಾದೆಗೇನೂ ಮಿತಿ ಇಲ್ಲ."